ಮಲೆನಾಡಿನ ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಿಟ್ ಜೋಡಿಸುವ ಬಗೆ

ಗಿಟಾರ್ ಕಿಟ್ ಮನೆಗೆ ಬಂದ ದಿನವೇ ಬಣ್ಣ ಹಚ್ಚಲು ಕೂರಬಾರದು. ತೀರ್ಥಹಳ್ಳಿ, ಹೊಸನಗರ, ಆಗುಂಬೆಯ ಕಡೆಯವರು ಮೊದಲು ಮಳೆಯ ಲೆಕ್ಕ ನೋಡಬೇಕು. ಆರಿದ್ರಾ, ಪುನರ್ವಸು ಮಳೆ ಹಿಡಿದು ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಬರುವ ಹೊತ್ತಿನಲ್ಲಿ ಮರ ಗಾಳಿಯ ತೇವವನ್ನು ಹೀರಿ ಉಬ್ಬಿರುತ್ತದೆ. ಒಮ್ಮೆ ಜುಲೈ ತಿಂಗಳಿನಲ್ಲಿ ಅವಸರಪಟ್ಟು ಲ್ಯಾಕರ್ (ಮರಕ್ಕೆ ಹೊಳಪು ಕೊಡುವ ಮೆರುಗು) ಸಿಂಪಡಿಸಿದ್ದೆ. ಸಂಜೆಯ ಹೊತ್ತಿಗೆ ಬಾಡಿಯ ಮೇಲೆಲ್ಲ ಹಾಲಿನಂಥ ಬಿಳಿ ಮಂಜು ಕೂತು, ಅಷ್ಟನ್ನೂ ಉಜ್ಜಿ ತೆಗೆಯಬೇಕಾಯಿತು. ಆದ್ದರಿಂದ ಬಣ್ಣದ ಕೆಲಸವನ್ನು ದೀಪಾವಳಿ ಕಳೆದ ಮೇಲಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಬೇಗ ಒಣಗಲೆಂದು ಮರವನ್ನು ಒಲೆಯ ಮೇಲಿನ ಅಟ್ಟದಲ್ಲಿಡಬೇಡಿ. ಒಂದೇ ಕಡೆ ಶಾಖ ತಗುಲಿದರೆ ಅದು ಸೊಟ್ಟಗಾಗುತ್ತದೆ.

ಬಣ್ಣಕ್ಕೆ ಮೊದಲು ಎಲ್ಲ ಭಾಗಗಳನ್ನೂ ಒಮ್ಮೆ ಸುಮ್ಮನೆ ಜೋಡಿಸಿ ನೋಡಬೇಕು. ನಟ್‌ನಿಂದ (ಗಿಟಾರ್‌ನ ಕುತ್ತಿಗೆಯಾದ ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) 12ನೇ ಫ್ರೆಟ್‌ವರೆಗೆ (ನೆಕ್‌ನ ಮೇಲಿನ ಅಡ್ಡ ಲೋಹದ ಗೆರೆ) ಅಳೆದು, ಆ ಅಳತೆಯನ್ನು ಇಮ್ಮಡಿಸಿದರೆ ಗಿಟಾರ್‌ನ ಸ್ಕೇಲ್, ಅಂದರೆ ತಂತಿಯ ನುಡಿಯುವ ಉದ್ದ, ಸಿಗುತ್ತದೆ. ಸ್ಟ್ರಾಟೊಕಾಸ್ಟರ್ ಮಾದರಿಯಲ್ಲಿ ಇದು 25.5 ಇಂಚು, ಅಂದರೆ ಸುಮಾರು 648 ಮಿ.ಮೀ. ಬಾಡಿಯ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಜ್‌ನ ರಂಧ್ರಗಳನ್ನು ಕಾರ್ಖಾನೆಯಲ್ಲಿಯೇ ಕೊರೆದಿಲ್ಲವಾದರೆ, ಅತಿ ತೆಳು ತಂತಿಯ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ಸಣ್ಣ ತುಂಡು) ಈ ಅಳತೆಗೆ ಕೂರುವಂತೆಯೂ ದಪ್ಪ ತಂತಿಗಳ ಸ್ಯಾಡಲ್‌ಗಳಿಗೆ ಇನ್ನೂ ಎರಡು ಮೂರು ಮಿ.ಮೀ. ಹಿಂದೆ ಸರಿಯಲು ಜಾಗ ಉಳಿಯುವಂತೆಯೂ ಗುರುತು ಹಾಕಿ. ಬಳಿಕ ನಟ್‌ನ ಎರಡು ತುದಿಯ, ತಂತಿ ಕೂರುವ ಗೀರುಗಳಿಂದ ಬ್ರಿಜ್‌ವರೆಗೆ ಹೊಲಿಗೆಯ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಎರಡು ದಾರಗಳೂ ಫ್ರೆಟ್‌ಬೋರ್ಡಿನ ಅಂಚಿನಿಂದ ಸಮ ದೂರದಲ್ಲಿ ಸಾಗಿದರೆ ಮಾತ್ರ ಡ್ರಿಲ್ ಕೈಗೆತ್ತಿಕೊಳ್ಳಿ. ಇಡೀ ಕೆಲಸದಲ್ಲಿ ತಿದ್ದಲು ಅತಿ ಕಷ್ಟವಾದ ತಪ್ಪು ಇಲ್ಲಿಯೇ ಆಗುವುದರಿಂದ ಅರ್ಧ ದಿನ ಹೋದರೂ ಚಿಂತೆಯಿಲ್ಲ.

ಉಪ್ಪುಕಾಗದವನ್ನು 180, 240, 320 ನಂಬರಿನ ಕ್ರಮದಲ್ಲಿ, ಮರದ ಎಳೆಯ ದಿಕ್ಕಿನಲ್ಲಿಯೇ ಉಜ್ಜಬೇಕು. ಸಾಗರ, ಸೊರಬದ ಗುಡಿಗಾರರು ಗಂಧದ ಮರಕ್ಕೆ ಉಳಿ ತಾಗಿಸುವ ಮುನ್ನ ಎಳೆಯನ್ನು ಎಷ್ಟು ಗಮನವಿಟ್ಟು ನೋಡುತ್ತಾರೋ ಅಷ್ಟೇ ಗಮನ ಇಲ್ಲಿಯೂ ಬೇಕು. ಮೊದಲ ಬಾರಿ ಮಾಡುವವರಿಗೆ ಲ್ಯಾಕರ್‌ಗಿಂತ ಅಗಸೆ ಎಣ್ಣೆಯ ಲೇಪವೇ ಸುಲಭವೆಂಬುದು ನನ್ನ ಅಭಿಪ್ರಾಯ. ತೆಳುವಾಗಿ ಹಚ್ಚಿ, ಹೆಚ್ಚಾದುದನ್ನು ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಮುಂದಿನ ಲೇಪ ಕೊಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು, ಹಾಗಾಗಿ ಅಂಗಳದಲ್ಲಿ ಬಿಡಿಸಿ ಹರಡಿ ಒಣಗಿಸಿ. ನೆಕ್ ಕೂರುವ ಗುಳಿಯೊಳಗೆ ಯಾವ ಲೇಪವೂ ಬೇಡ.

ಬೆಸುಗೆಯಲ್ಲಿ ಮರೆಯಬಾರದ ಒಂದು ತಂತಿಯಿದೆ: ಬ್ರಿಜ್‌ನಿಂದ ವಾಲ್ಯೂಮ್ ಪಾಟ್‌ನ (ಶಬ್ದ ಏರಿಳಿಸುವ ಗುಂಡಿಯ ಕೆಳಗಿನ ಭಾಗ) ಬೆನ್ನಿಗೆ ಹೋಗುವ ಅರ್ತ್ ತಂತಿ. ಅದು ಬಿಟ್ಟುಹೋದರೆ ಆಂಪ್ಲಿಫೈಯರ್‌ನಲ್ಲಿ ಗುಂಯ್‌ಗುಡುವಿಕೆ ನಿಲ್ಲುವುದಿಲ್ಲ. ಮುಚ್ಚಳ ಹಾಕುವ ಮೊದಲು ಆಂಪ್ಲಿಫೈಯರ್‌ಗೆ ಸಿಕ್ಕಿಸಿ, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ಗಳ ಮೇಲೆ ಸ್ಕ್ರೂಡ್ರೈವರ್‌ನಿಂದ ಮೆಲ್ಲನೆ ತಟ್ಟಿ ನೋಡಿ. ಸ್ವಿಚ್‌ನಿಂದ ಆಯ್ದುಕೊಂಡ ಪಿಕಪ್ ಮಾತ್ರ ಟಕ್ಕೆಂದು ಗಟ್ಟಿಯಾಗಿ ಕೇಳಿಸಬೇಕು.

ತಂತಿ ಕಟ್ಟಿ ಶ್ರುತಿ ಮಾಡಿದ ಮೇಲೆ, ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿಯೂ ಕೊನೆಯ ಫ್ರೆಟ್‌ನಲ್ಲಿಯೂ ಒತ್ತಿ ಹಿಡಿದಾಗ ಏಳೆಂಟನೆಯ ಫ್ರೆಟ್‌ನ ಮೇಲೆ ಸುಮಾರು 0.25 ಮಿ.ಮೀ. ಸಂದು ಉಳಿಯುವಂತೆ ಟ್ರಸ್ ರಾಡನ್ನು (ನೆಕ್‌ನೊಳಗಿದ್ದು ಅದರ ಬಾಗು ತಿದ್ದುವ ಲೋಹದ ಸರಳು) ಸರಿಹೊಂದಿಸಿ. ಅನಂತರ 12ನೇ ಫ್ರೆಟ್‌ನಲ್ಲಿ ತಂತಿಗಳ ಎತ್ತರವನ್ನು ದಪ್ಪ ತಂತಿಗೆ 2 ಮಿ.ಮೀ., ತೆಳು ತಂತಿಗೆ 1.6 ಮಿ.ಮೀ.ನಷ್ಟು ಇಡಿ. ಕೊನೆಗೆ 12ನೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿದ ಸ್ವರವನ್ನು ಅಲ್ಲಿಯೇ ಬರುವ ಹಾರ್ಮೋನಿಕ್‌ನೊಂದಿಗೆ (ತಂತಿಯನ್ನು ಒತ್ತದೆ ಬೆರಳು ಮೆಲ್ಲನೆ ತಾಗಿಸಿ ಮೀಟಿದಾಗ ಬರುವ ಸ್ವರ) ಹೋಲಿಸಿ, ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೂ ಇಳಿದಿದ್ದರೆ ಮುಂದಕ್ಕೂ ಸರಿಸಿ. ಮುಂದಿನ ಮಳೆಗಾಲದಲ್ಲಿ ನೆಕ್‌ನ ಬಾಗು ಬದಲಾದೀತು; ಆಗ ಟ್ರಸ್ ರಾಡನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ.