ಇ-ಮೇಲ್ ಬದಲಿಸ್ತೀರಾ? ಹಳೇ ಖಾತೆಗೆ ಈಗಲೇ ಬೀಗ ಹಾಕಬೇಡಿ

ಹೊಸ ಇ-ಮೇಲ್ ಖಾತೆ ತೆರೆಯಲು ಹತ್ತು ನಿಮಿಷ ಸಾಕು. ಹಳೆಯದರಿಂದ ಪೂರ್ತಿ ಹೊರಬರಲು ತಿಂಗಳುಗಳೇ ಬೇಕು. ವರ್ಷಗಟ್ಟಲೆ ಬಳಸಿದ ವಿಳಾಸವನ್ನು ಎಲ್ಲೆಲ್ಲಿ ಕೊಟ್ಟಿದ್ದೇವೆ ಅಂತ ನಮಗೇ ನೆನಪಿರುವುದಿಲ್ಲ, ಅಲ್ವಾ?

ಹೆಸರು, ಪಾಸ್‌ವರ್ಡ್

ಫೋನಿನಲ್ಲಿ ಒಂದೇ ಸಲ ಹೇಳಿದರೆ ಎದುರಿನವರು ಬರೆದುಕೊಳ್ಳುವಂತಹ ಹೆಸರು ಆರಿಸಿ. ಹೆಸರಿನ ನಡುವೆ ಚುಕ್ಕೆ ಇಡುವುದಾದರೆ ಹುಷಾರು. ಜಿಮೇಲ್ ಚುಕ್ಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಔಟ್‌ಲುಕ್‌ನಲ್ಲಿ ಮಾತ್ರ ಚುಕ್ಕೆ ಬಿಟ್ಟರೆ ಅದು ಬೇರೆಯದೇ ವಿಳಾಸ.

ಪಾಸ್‌ವರ್ಡ್ ಹೊಸದೇ ಇರಲಿ. ಎರಡು ಹಂತದ ಪರಿಶೀಲನೆಯನ್ನು, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೂಡ ಕೇಳುವ ವ್ಯವಸ್ಥೆಯನ್ನು, ಮೊದಲ ದಿನವೇ ಆನ್ ಮಾಡಿ. ಫೋನ್ ಕೈಕೊಟ್ಟಾಗ ಬಳಸಲು ಆಗ ಸಿಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ. ಇಲ್ಲಿ ನಾನೇ ಎಡವಿದ್ದೆ. ಹೊಸ ಖಾತೆಯ ರಿಕವರಿ ವಿಳಾಸವಾಗಿ (ಒಳಗೆ ಹೋಗಲಾಗದಿದ್ದಾಗ ಕೋಡ್ ಬರುವ ವಿಳಾಸ) ಹಳೆಯದನ್ನು ಕೊಟ್ಟೆ, ಹಳೆಯದಕ್ಕೆ ಹೊಸದನ್ನು. ಫೋನ್ ಕೆಟ್ಟ ದಿನ ಇದರ ಕೋಡ್ ಅಲ್ಲಿಗೆ ಹೋಯಿತು, ಅದರ ಕೋಡ್ ಇಲ್ಲಿಗೆ ಬಂತು. ಎರಡು ಪೆಟ್ಟಿಗೆ, ಒಂದರ ಕೀಲಿ ಇನ್ನೊಂದರೊಳಗೆ! ಎರಡು ದಿನ ಒದ್ದಾಡಿದೆ.

ಸಾಮಾನು ಸಾಗಿಸುವುದು

ಕಾಂಟ್ಯಾಕ್ಟ್ಸ್ ಸುಲಭ. ಹಳೆಯದರಲ್ಲಿ ಎಕ್ಸ್‌ಪೋರ್ಟ್ ಒತ್ತಿ, ಸಿಗುವ ಫೈಲನ್ನು ಹೊಸದರಲ್ಲಿ ಇಂಪೋರ್ಟ್ ಮಾಡಿ.

ಹಳೇ ಮೇಲ್‌ಗಳದ್ದೇ ಸ್ವಲ್ಪ ರಗಳೆ. ಹೊಸ ಸೇವೆಯಲ್ಲಿ ಅವನ್ನು ತರಿಸಿಕೊಳ್ಳುವ ಸೌಲಭ್ಯವಿದ್ದರೆ ಅದನ್ನೇ ಬಳಸಿ. ಪ್ರೋಟಾನ್ ಮೇಲ್‌ನಲ್ಲಿ ಅದರ ಹೆಸರು ಈಸಿ ಸ್ವಿಚ್. ಇಲ್ಲದಿದ್ದರೆ ಕಂಪ್ಯೂಟರ್‌ನಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ಆ್ಯಪ್ ಹಾಕಿಕೊಂಡು ಎರಡೂ ಖಾತೆ ಸೇರಿಸಿ, ಫೋಲ್ಡರ್‌ನಿಂದ ಫೋಲ್ಡರ್‌ಗೆ ಮೇಲ್‌ಗಳನ್ನು ಕಾಪಿ ಮಾಡಿ. ಮೇಲ್ ತರುವ ವಿಧಾನ ಐಮ್ಯಾಪ್ (IMAP) ಅಥವಾ ಪಾಪ್ (POP) ಎಂದು ಕೇಳಿದರೆ ಐಮ್ಯಾಪ್ ಅನ್ನಿ. ಎಲ್ಲವನ್ನೂ ಒಟ್ಟಿಗೆ ಎಳೆಯಬೇಡಿ, ಒಂದೊಂದು ವರ್ಷದ್ದು ಸಾಕು. ಜಿಮೇಲ್‌ನ ಲೇಬಲ್‌ಗಳು (ಮೇಲ್‌ಗೆ ಅಂಟಿಸುವ ಹೆಸರಿನ ಚೀಟಿಗಳು) ಇಲ್ಲಿ ಫೋಲ್ಡರ್‌ಗಳಾಗಿ ಕಾಣುತ್ತವೆ. ಹಾಗಾಗಿ ಒಂದೇ ಮೇಲ್ ಇನ್‌ಬಾಕ್ಸ್‌ನಲ್ಲೂ ಇರುತ್ತದೆ, ‘ಆಲ್ ಮೇಲ್’ನಲ್ಲೂ ಇರುತ್ತದೆ. ಎರಡನ್ನೂ ಕಾಪಿ ಮಾಡಿದರೆ ಸುಮ್ನೆ ಜಾಗ ದಂಡ.

ಫಿಲ್ಟರ್ (ಬಂದ ಮೇಲ್‌ಗಳನ್ನು ತಾನಾಗಿ ವಿಂಗಡಿಸುವ ನಿಯಮ), ಮೇಲ್‌ನ ಕೊನೆಯಲ್ಲಿ ಬೀಳುವ ಸಹಿ ಸಾಮಾನ್ಯವಾಗಿ ಜೊತೆಗೆ ಬರುವುದಿಲ್ಲ. ಕೈಯಿಂದಲೇ ಮತ್ತೆ ಮಾಡಬೇಕು.

ಫಾರ್ವರ್ಡಿಂಗ್, ಒಂದು ಲೇಬಲ್

ಹಳೆಯದಕ್ಕೆ ಬರುವ ಮೇಲ್ ತಾನಾಗಿ ಹೊಸದಕ್ಕೆ ಬರುವಂತೆ, ಹಳೇ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್‌ಗೆ ಹೋಗಿ ಹೊಸ ವಿಳಾಸ ಕೊಡಿ. ಜಿಮೇಲ್ ಆದರೆ ಹೊಸ ವಿಳಾಸಕ್ಕೆ ಖಚಿತಪಡಿಸುವ ಮೇಲ್ ಬರುತ್ತದೆ, ಒಪ್ಪಿಗೆ ಕೊಡಿ. ಒಂದು ಪ್ರತಿ ಹಳೆಯದರಲ್ಲೂ ಉಳಿಯಲಿ. ಜಿಮೇಲ್ ಸ್ಪ್ಯಾಮ್ ಅನ್ನು ಫಾರ್ವರ್ಡ್ ಮಾಡುವುದಿಲ್ಲ. ಅಲ್ಲಿ ತಪ್ಪಿ ಬಿದ್ದ ಒಳ್ಳೇ ಮೇಲ್ ನಿಮಗೆ ಕಾಣುವುದೇ ಇಲ್ಲ. ವಾರಕ್ಕೊಮ್ಮೆ ಇಣುಕಿ ನೋಡಿ.

ಈಗ ನನಗೆ ಅತಿ ಜಾಸ್ತಿ ಉಪಯೋಗಕ್ಕೆ ಬಂದ ಕೆಲಸ. ಹಳೇ ವಿಳಾಸಕ್ಕೆ ಬಂದ ಪ್ರತಿ ಮೇಲ್‌ಗೂ ‘ಹಳೇ ಮನೆ’ ಅಂತ ಲೇಬಲ್ ಬೀಳುವಂತೆ ಹೊಸ ಖಾತೆಯಲ್ಲಿ ಒಂದು ಫಿಲ್ಟರ್ ಮಾಡಿ. ಆ ಲೇಬಲ್ ಕಂಡರೆ, ಕಳಿಸಿದವರಿಗೆ ಹೊಸ ವಿಳಾಸ ಇನ್ನೂ ಗೊತ್ತಿಲ್ಲ ಎಂದರ್ಥ. ಹೋಗಿ ಬದಲಿಸಿ. ಬ್ಯಾಂಕ್ ಮೊದಲು, ಆಮೇಲೆ ಫೋನ್ ಕಂಪನಿ, ಕೊನೆಗೆ ಶಾಪಿಂಗ್ ಆ್ಯಪ್‌ಗಳು. ಮೇಲ್‌ನಲ್ಲಿರುವ ಲಿಂಕ್ ಒತ್ತದೆ, ನೇರವಾಗಿ ಅವರವರ ಸೈಟ್‌ಗೇ ಹೋಗಿ. ಓದದ ಸುದ್ದಿಪತ್ರಗಳಿದ್ದರೆ ಅನ್‌ಸಬ್‌ಸ್ಕ್ರೈಬ್ ಮಾಡಲು ಇದಕ್ಕಿಂತ ಒಳ್ಳೇ ಸಮಯ ಇಲ್ಲ.

ಹಳೇ ಇನ್‌ಬಾಕ್ಸ್‌ನಲ್ಲಿ ‘ವೆಲ್‌ಕಮ್’, ‘ವೆರಿಫೈ’, ‘ಪಾಸ್‌ವರ್ಡ್’ ಎಂಬ ಇಂಗ್ಲಿಷ್ ಪದಗಳನ್ನೂ ಹುಡುಕಿ. ಮರೆತೇ ಹೋದ ಖಾತೆಗಳು ಸಾಲಾಗಿ ಬರುತ್ತವೆ.

ಮುಚ್ಚುವುದು ಯಾವಾಗ?

ಅವಸರ ಬೇಡ. 2013ರಲ್ಲಿ ಯಾಹೂ, ಬಳಕೆಯಲ್ಲಿಲ್ಲದ ಹೆಸರುಗಳನ್ನು ಬೇರೆಯವರಿಗೆ ಕೊಡಲು ಶುರು ಮಾಡಿತ್ತು. ಹಾಗಾದರೆ ನಿಮ್ಮ ಪಾಸ್‌ವರ್ಡ್ ಬದಲಿಸುವ ಲಿಂಕ್ ಯಾರದೋ ಇನ್‌ಬಾಕ್ಸ್‌ಗೆ ಬೀಳಬಹುದು. ಖಾತೆಯನ್ನು ಮರೆತು ಬಿಡುವುದೂ ಅಪಾಯವೇ. 2 ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು. ಎರಡು ತಿಂಗಳಿಗೊಮ್ಮೆ ಲಾಗಿನ್ ಆಗಿ.

ವಿಮೆ, ತೆರಿಗೆ, ವೆಬ್‌ಸೈಟ್ ಹೆಸರಿನ ನವೀಕರಣ, ಇಂಥ ಮೇಲ್‌ಗಳು ವರ್ಷಕ್ಕೆ ಒಂದೇ ಸಲ ಬರುವುದುಂಟು. ಹಾಗಾಗಿ ‘ಹಳೇ ಮನೆ’ ಲೇಬಲ್ ಒಂದು ತಿಂಗಳು ಖಾಲಿ ಇದ್ದ ಮಾತ್ರಕ್ಕೆ ಕೆಲಸ ಮುಗಿಯಿತು ಅಂತ ನಂಬಬೇಡಿ. ಪೂರ್ತಿ ಒಂದು ವರ್ಷ ಕಾಯಿರಿ.