ಮಳೆಗಾಲಕ್ಕೆ ಅಂಟು, ಹುತ್ತರಿ ಕಳೆದ ಮೇಲೆ ಬಣ್ಣ: ಕೊಡಗಿನಲ್ಲಿ ಮಾಡೆಲ್ ಜೀಪು, ರಾಕೆಟ್ಟು

ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸಿ ಪುಟ್ಟ ಮಾಡೆಲ್ ಮಾಡುವ ಕಿಟ್ ಡಬ್ಬಿಯ ಸೂಚನಾ ಹಾಳೆಯಲ್ಲಿ ಯಾವ ತುಂಡನ್ನು ಎಲ್ಲಿ ಅಂಟಿಸಬೇಕು ಎಂದಿರುತ್ತದೆ, ಯಾವ ತಿಂಗಳಲ್ಲಿ ಎಂದಿರುವುದಿಲ್ಲ. ಕೊಡಗಿನಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಲ್ಯಾಕರ್ ಬಣ್ಣ ಎಲ್ಲಿ ಕೂರಬೇಕು? ಹಾಗಾಗಿ ಕತ್ತರಿಸುವುದು, ಅಂಟಿಸುವುದು, ಉಜ್ಜುವುದು, ಹೊಸ ಭಾಗ ಮಾಡಿಕೊಳ್ಳುವುದು ಇವೆಲ್ಲ ನನಗೆ ಮಳೆಗಾಲದ ಕೆಲಸ. ಸ್ಪ್ರೇ ಹೊಡೆಯುವುದೇನಿದ್ದರೂ ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ, ಮಾರ್ಚ್ ಹೊತ್ತಿಗೆ ಕಾಫಿಯ ಹೂಮಳೆ ಬೀಳುವವರೆಗೆ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿಯವರಿಗೆ ಇಷ್ಟು ಕಟ್ಟುನಿಟ್ಟು ಬೇಕಾಗಿಲ್ಲ.

ಕಾರಣ ಸರಳ. ಲ್ಯಾಕರ್ ಥಿನ್ನರ್ ಬೇಗ ಆರುತ್ತದೆ, ಆರುವಾಗ ಬಣ್ಣದ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಂಪಿಗೆ ನೀರು ಹನಿಗಟ್ಟಿ ಹಸಿ ಬಣ್ಣದಲ್ಲಿ ಸಿಕ್ಕಿಕೊಳ್ಳುತ್ತದೆ. ಕಪ್ಪು, ಕಡುಹಸಿರು ಬಣ್ಣಗಳ ಮೇಲೆ ಬಿಳಿ ಮಬ್ಬು ಏಳುವುದು ಇದರಿಂದಲೇ. ಗೋಡೆಗೆ ಒಂದು ಅಗ್ಗದ ತೇವಮಾಪಕ ನೇತುಹಾಕಿ. ಮುಳ್ಳು 75 ದಾಟಿದ್ದರೆ ನಾನು ಲ್ಯಾಕರ್ ಡಬ್ಬಿ ಮುಟ್ಟುವುದಿಲ್ಲ. ಮಬ್ಬು ಎದ್ದೇ ಬಿಟ್ಟರೆ ಉಜ್ಜಿ ತೆಗೆಯುವ ಅವಸರ ಬೇಡ. ಒಣ ಹವೆ ಇರುವ ದಿನ ರಿಟಾರ್ಡರ್ (ಆರುವುದನ್ನು ನಿಧಾನ ಮಾಡುವ ದ್ರವ) ಬೆರೆಸಿದ ಥಿನ್ನರನ್ನು ಮಂಜಿನಷ್ಟು ತೆಳುವಾಗಿ ಹೊಡೆದರೆ ಪದರ ಮತ್ತೆ ಸಡಿಲವಾಗಿ ಒಳಗಿನ ನೀರು ಹೊರಟುಹೋಗುತ್ತದೆ, ಬಣ್ಣ ತಿರುಗಿ ಬರುತ್ತದೆ.

ಮಳೆಗಾಲದಲ್ಲಿ ಅಂಟಿನ ನಡತೆಯೂ ಬೇರೆ. ಜಪಾನಿನ ಕಿಟ್ ಕಂಪನಿ ಟಮಿಯಾದ ಎಕ್ಸ್‌ಟ್ರಾ ಥಿನ್‌ನಂಥ ಸಿಮೆಂಟು (ಮಾಡೆಲ್ ಅಂಟು) ಪಾಲಿಸ್ಟೈರಿನ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ತುಂಡನ್ನು ಒಂದು ಮಾಡುತ್ತದೆ. ಮೊದಲು ಅಂಟು ಬಳಿದು ಆಮೇಲೆ ಜೋಡಿಸುವುದಲ್ಲ. ಜೋಡಿಸಿ ಹಿಡಿದು ಬ್ರಷ್ಷಿನ ತುದಿಯನ್ನು ಸಂದಿಗೆ ತಾಗಿಸಿದರೆ ಸಾಕು, ಅದಾಗಿಯೇ ಒಳಗೆ ಹರಿಯುತ್ತದೆ. ಮೆತ್ತಗೆ ಒತ್ತಿದಾಗ ಸಂದಿಯಿಂದ ಕರಗಿದ ಪ್ಲಾಸ್ಟಿಕ್ ಕೂದಲೆಳೆಯಷ್ಟು ಉಬ್ಬಬೇಕು. ಆ ಉಬ್ಬನ್ನು ಒಂದು ದಿನ ಬಿಟ್ಟು, ಚಳಿ ಇದ್ದರೆ ಎರಡು ದಿನ ಬಿಟ್ಟು ಉಜ್ಜಿ. ಮೊದಲೇ ಉಜ್ಜಿದರೆ ಆಗ ನುಣ್ಣಗೆ ಕಾಣುತ್ತದೆ, ಬಣ್ಣ ಹೊಡೆದು ವಾರವಾದ ಮೇಲೆ ಸಂದಿ ಕುಸಿದು ಗೆರೆಯಾಗಿ ಏಳುತ್ತದೆ. ಫೆವಿಕ್ವಿಕ್ ಗಟ್ಟಿಯಾಗುವುದೇ ತೇವದಿಂದ. ಅದಕ್ಕೇ ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು) ಅದು ಇಟ್ಟಲ್ಲೇ ಕಚ್ಚುತ್ತದೆ, ತುಂಡನ್ನು ಸರಿಪಡಿಸಲು ಸಮಯ ಸಿಗುವುದಿಲ್ಲ. ಅದರ ಆವಿ ಗಾಜಿನಂಥ ತುಂಡುಗಳ ಮೇಲೆ ಬೆಳ್ಳಗೆ ಕೂರುತ್ತದೆ. ಕಿಟಕಿ, ಹೆಡ್‌ಲೈಟಿಗೆ ಫೆವಿಕಾಲೇ ಸರಿ. ತೆರೆದ ಫೆವಿಕ್ವಿಕ್ ಟ್ಯೂಬನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಇನ್ನು ಜೀಪು. ಎಸ್ಟೇಟಿನ ಜೀಪು ಮಾಡಬೇಕೆನ್ನುವವರಿಗೆ ಟಮಿಯಾದ 1/35 (ನಿಜದ ಮೂವತ್ತೈದನೇ ಒಂದು ಅಳತೆಯ) ವಿಲ್ಲಿಸ್ ಎಂಬಿ ಒಳ್ಳೆಯ ಬುನಾದಿ. ಮಹೀಂದ್ರಾದವರು 1947ರಲ್ಲಿ ಶುರು ಮಾಡಿದ್ದೇ ವಿಲ್ಲಿಸ್ ಜೀಪು ಜೋಡಿಸುವುದರಿಂದ, ಹಾಗಾಗಿ ವಂಶ ಒಂದೇ. ಆದರೆ ಡಬ್ಬಿಯಲ್ಲಿರುವುದು ಅಮೆರಿಕದ ಸೇನೆಯ ಜೀಪು: ಸ್ಟೀರಿಂಗ್ ಎಡಕ್ಕೆ, ಗ್ರಿಲ್‌ನಲ್ಲಿ 9 ಸೀಳು, ಪಕ್ಕದಲ್ಲಿ ಕೊಡಲಿ, ಸಲಿಕೆ, ಹಿಂದೆ ತೆರೆಯದ ತಗಡು. ನಮ್ಮ ರಸ್ತೆಯ ಜೀಪಿನಲ್ಲಿ ಸ್ಟೀರಿಂಗ್ ಬಲಕ್ಕೆ, ಗ್ರಿಲ್‌ಗೆ 7 ಸೀಳು, ಹಿಂದೆ ತೆರೆಯುವ ಬಾಗಿಲು. ಅಳತೆಗೆ ಪುಸ್ತಕ ಹುಡುಕಬೇಕಾಗಿಲ್ಲ. ಟೇಪು ಹಿಡಿದು ಯಾರದಾದರೂ ತೋಟದ ಜೀಪಿನ ಪಕ್ಕ ನಿಂತರಾಯಿತು. ಬಂದ ಅಳತೆಯನ್ನು 35ರಿಂದ ಭಾಗಿಸಿ. 1 ಇಂಚು ಅಂದರೆ 0.73 ಮಿಲಿಮೀಟರ್, ಇದೊಂದು ನೆನಪಿದ್ದರೆ ಮಿಕ್ಕಿದ್ದೆಲ್ಲ ಬಾಯಿಲೆಕ್ಕ.

ಸ್ಟೀರಿಂಗ್ ಬಲಕ್ಕೆ ತರುವುದು ಕೇಳಿದಷ್ಟು ಕಷ್ಟವಲ್ಲ. ವಿಲ್ಲಿಸ್‌ನಲ್ಲಿ ಮೀಟರುಗಳು ಡ್ಯಾಶ್‌ಬೋರ್ಡಿನ ಮಧ್ಯದಲ್ಲಿರುವುದರಿಂದ ಅವನ್ನು ಮುಟ್ಟಬೇಕಾಗಿಲ್ಲ. ಬಲಗಡೆಯ ಗ್ಲವ್ ಬಾಕ್ಸಿನ ಗೆರೆಯನ್ನು ಪುಟ್ಟಿ ತುಂಬಿ ಉಜ್ಜಿ, ಎಡಗಡೆ ಸ್ಕೇಲಿಟ್ಟು ಹೊಸ ಗೆರೆ ಗೀರಿ. ಗೀರಲು ಬ್ಲೇಡಿನ ಬೆನ್ನು ಉಪಯೋಗಿಸಿ. ಬಾಯಿಯಿಂದ ಗೀರಿದರೆ ಪ್ಲಾಸ್ಟಿಕ್ ಎರಡೂ ಬದಿಗೆ ಏಳುತ್ತದೆ, ಬೆನ್ನಿನಿಂದ ಎಳೆದರೆ ಸುರುಳಿಯಾಗಿ ಹೊರಬರುತ್ತದೆ. ನಾಲ್ಕೈದು ಸಲ ಹಗುರಾಗಿ ಎಳೆಯಬೇಕು, ಒಂದೇ ಸಲ ಒತ್ತಿದರೆ ಗೆರೆ ದಾರಿ ತಪ್ಪುತ್ತದೆ. ಸ್ಟೀರಿಂಗ್ ದಂಡದ ಹಳೆಯ ತೂತಿಗೆ ಸ್ಪ್ರೂ ಕಡ್ಡಿಯನ್ನೇ (ಕಿಟ್ಟಿನ ತುಂಡುಗಳು ಅಂಟಿಕೊಂಡು ಬರುವ ಚೌಕಟ್ಟಿನ ಕಡ್ಡಿ) ತೂರಿಸಿ ಸಿಮೆಂಟು ಹಾಕಿ ಕತ್ತರಿಸಿ. ಅದೇ ಪ್ಲಾಸ್ಟಿಕ್ ಆದ್ದರಿಂದ ಉಜ್ಜಿದ ಮೇಲೆ ಗುರುತೇ ಇರದು. ಹೊಸ ತೂತನ್ನು ಕೈ ಡ್ರಿಲ್ಲಿನಿಂದ 1 ಮಿಮೀ ಬಿಟ್ ಹಾಕಿ ಓರೆಯಾಗಿ ಕೊರೆಯಿರಿ. ಓರೆ ಎಷ್ಟು ಎಂಬುದನ್ನು ಹಳೆಯ ತೂತು ಮುಚ್ಚುವ ಮೊದಲೇ ರಟ್ಟಿನ ಮೇಲೆ ಗುರುತು ಹಾಕಿಟ್ಟುಕೊಂಡಿರಬೇಕು. ಪೆಡಲುಗಳನ್ನು ಕಿತ್ತು ಬಲಕ್ಕೆ ಅಂಟಿಸಿ. ತಳದ ಸ್ಟೀರಿಂಗ್ ಸರಳುಗಳನ್ನು ನಾನು ಬದಲಿಸುವುದಿಲ್ಲ, ಜೀಪನ್ನು ಬುಡಮೇಲು ಮಾಡಿ ನೋಡುವವರು ಕಡಿಮೆ.

ಗ್ರಿಲ್‌ನ 9 ಸೀಳನ್ನು ತಿದ್ದಲು ಹೋಗಬೇಡಿ. 0.5 ಮಿಮೀ ಪಾಲಿಸ್ಟೈರಿನ್ ಹಾಳೆಯಲ್ಲಿ ಹೊಸದನ್ನೇ ಮಾಡಿ: ಪ್ರತಿ ಸೀಳಿನ ಎರಡು ತುದಿಗೂ ತೂತು ಕೊರೆದು, ನಡುವಿನದನ್ನು ಬ್ಲೇಡಿನಿಂದ ತೆಗೆದರೆ ತುದಿ ತಾನಾಗಿ ದುಂಡಗೆ ಬರುತ್ತದೆ. ಸೇನೆಯ ಜೀಪಿನ ಸಣ್ಣ ದೀಪಗಳು ಗ್ರಿಲ್‌ನ ಹಿಂದೆ ಅಡಗಿರುತ್ತವೆ, ನಮ್ಮವು 7 ಇಂಚಿನ ದೊಡ್ಡ ದೀಪಗಳು, ಎದುರಿಗೇ ಕಾಣುತ್ತವೆ. 1/35ರಲ್ಲಿ 7 ಇಂಚು ಅಂದರೆ 5.1 ಮಿಮೀ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಬಿಳಿ 5 ಮಿಮೀ ಎಲ್‌ಇಡಿಯ ದುಂಡು ತಲೆ ಇದಕ್ಕೆ ಹೇಳಿ ಮಾಡಿಸಿದ್ದು. ಸಣ್ಣ ಗರಗಸದಿಂದ ತಲೆಯನ್ನು 2 ಮಿಮೀ ದಪ್ಪಕ್ಕೆ ಕೊಯ್ದು, ಹಿಂಬದಿಯನ್ನು 1000, 2000 ನಂಬರಿನ ವಾಟರ್ ಪೇಪರಿನಲ್ಲಿ ತಿಕ್ಕಿ, ಬೆಳ್ಳಿ ಬಣ್ಣ ಬಳಿದು ಕೂರಿಸಿ. ಎಲ್‌ಇಡಿ ಇಪಾಕ್ಸಿಯದು, ಪ್ಲಾಸ್ಟಿಕ್ ಸಿಮೆಂಟು ಅದಕ್ಕೆ ಹಿಡಿಯುವುದಿಲ್ಲ.

ಟಾಪಿನ ಕಮಾನುಗಳಿಗೆ ಹಾರ್ಡ್‌ವೇರ್ ಅಂಗಡಿಯ 22 ಗೇಜ್ ತಂತಿ. ಅದರ ದಪ್ಪ 0.71 ಮಿಮೀ, ಅಂದರೆ ಸರಿಯಾಗಿ ಒಂದಿಂಚಿನ ಪೈಪು. ಟಾರ್ಪಾಲಿಗೆ ಟಿಶ್ಯೂ ಕಾಗದದ ಒಂದೇ ಪದರವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ನೆನೆಸಿ ಕಮಾನಿನ ಮೇಲೆ ಹೊದಿಸಿ, ಬ್ರಷ್ಷಿನಿಂದ ಕಮಾನುಗಳ ನಡುವೆ ಸ್ವಲ್ಪ ಕುಗ್ಗಿಸಿ. ಬಿಗಿಯಾಗಿ ಎಳೆದರೆ ತಗಡಿನ ಹಾಗೆ ಕಾಣುತ್ತದೆ. ಇದು ಒಣಗಲು ಮಳೆಗಾಲದಲ್ಲಿ ಎರಡು ಮೂರು ದಿನ ಬೇಕು, ಅಷ್ಟರಲ್ಲಿ ಬೂಷ್ಟು ಹಿಡಿಯುವುದೂ ಉಂಟು. ಅದಕ್ಕೆ ಒಣಗಿಸುವ ಪೆಟ್ಟಿಗೆ ಇರಲಿ: ಮುಚ್ಚಳದ ಪ್ಲೈವುಡ್ ಪೆಟ್ಟಿಗೆ, ಒಳಗೆ 40 ವಾಟಿನ ತಂತಿ ಬಲ್ಬು, ಕೆಳಗೂ ಮೇಲೂ ಗಾಳಿ ಹೋಗಲು ತೂತು, ಒಂದು ಥರ್ಮಾಮೀಟರ್. 40 ಡಿಗ್ರಿ ದಾಟಲು ಬಿಡಬೇಡಿ, ತೆಳ್ಳಗಿನ ತುಂಡುಗಳು ಬಿಸಿಗೆ ಬಾಗುತ್ತವೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಕೂತ ಪ್ಲಾಸ್ಟಿಕ್ಕಿನ ಮೇಲೆ ಯಾವ ಪ್ರೈಮರೂ ನಿಲ್ಲುವುದಿಲ್ಲ.

ಬಣ್ಣಕ್ಕೆ ಮುಂಚೆ ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಅಚ್ಚಿನ ಎಣ್ಣೆ, ಕೈಬೆವರು ಎರಡೂ ಹೋಗಬೇಕು. ಡಿಸೆಂಬರಿನ ಬೆಳಗ್ಗೆ ಸ್ಪ್ರೇ ಡಬ್ಬಿ ತಣ್ಣಗಿದ್ದು ಒತ್ತಡ ಇಳಿದಿರುತ್ತದೆ, ಬಣ್ಣ ದಪ್ಪ ಹನಿಯಾಗಿ ಬಿದ್ದು ಕಿತ್ತಳೆ ಸಿಪ್ಪೆಯಂತೆ ಗುಳಿ ಗುಳಿಯಾಗುತ್ತದೆ. ಡಬ್ಬಿಯನ್ನು ಕೈ ತಾಳುವಷ್ಟು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಡಿ, ಒಲೆಯ ಹತ್ತಿರ ಮಾತ್ರ ತರಬೇಡಿ. 20ರಿಂದ 25 ಸೆಂಟಿಮೀಟರ್ ದೂರದಿಂದ ಮೂರು ತೆಳು ಕೋಟು. ಏರ್‌ಬ್ರಷ್ ಇದ್ದವರು 0.3 ಮಿಮೀ ಸೂಜಿಗೆ 15ರಿಂದ 18 ಪಿಎಸ್‌ಐ ಇಟ್ಟುಕೊಂಡು, ಟಮಿಯಾ ಅಕ್ರಿಲಿಕ್ಕಿಗೆ ಎಕ್ಸ್-20ಎ ಥಿನ್ನರನ್ನು ಸಮಪಾಲು ಬೆರೆಸಿ ಶುರು ಮಾಡಬಹುದು. ಕಂಪ್ರೆಸರಿಗೆ ನೀರು ಹಿಡಿಯುವ ಟ್ರ್ಯಾಪ್ ಇಲ್ಲಿ ಬೇಕೇಬೇಕು. ಇಲ್ಲವಾದರೆ ಕೊಳವೆಯಲ್ಲಿ ಕಟ್ಟಿದ ನೀರು ಬಾನೆಟ್ಟಿನ ನಟ್ಟನಡುವೆಯೇ ಉಗಿಯುತ್ತದೆ. ಕಾರಿನ ವರ್ಕ್‌ಶಾಪಿನ ಎನ್‌ಸಿ ಥಿನ್ನರನ್ನು ಬರಿಯ ಪ್ಲಾಸ್ಟಿಕ್ಕಿನ ಮೇಲೆ ಹೊಡೆಯಬೇಡಿ, ಮೈ ಬಿರುಕು ಬಿಡುತ್ತದೆ. ಸಾಮಾನು ತೊಳೆಯಲು ಮಾತ್ರ ಅದರಷ್ಟು ಅಗ್ಗದ್ದು ಬೇರೆ ಇಲ್ಲ. ಲ್ಯಾಕರ್ ಹೊಡೆಯುವಾಗ ಇದ್ದಿಲ ಕಾರ್ಟ್ರಿಜ್‌ನ ಮಾಸ್ಕ್ ಹಾಕಿ, ಬಟ್ಟೆಯದು ಆವಿಯನ್ನು ತಡೆಯುವುದಿಲ್ಲ.

ಕೆಸರಿಗೆ ಅಂಗಳದ ಕೆಮ್ಮಣ್ಣನ್ನೇ ತಂದು ಉದುರಿಸುವವರಿದ್ದಾರೆ. ಜರಡಿ ಹಿಡಿದರೂ ಅದರ ಕಣ 1/35ಕ್ಕೆ ಕಲ್ಲಿನ ಗಾತ್ರ. ಡ್ರಾಯಿಂಗ್ ಪೇಸ್ಟಲ್ ಕಡ್ಡಿಯನ್ನು ವಾಟರ್ ಪೇಪರಿನ ಮೇಲೆ ತಿಕ್ಕಿದ ಪುಡಿ ಸಾಕು. ಅಡಿಬಣ್ಣಕ್ಕೆ ಟಮಿಯಾದ ಎಕ್ಸ್‌ಎಫ್-64 ಕೆಂಗಂದು, ಅದಕ್ಕೆ ಸ್ವಲ್ಪ ಎಕ್ಸ್‌ಎಫ್-60 ಕಡುಹಳದಿ ಬೆರೆಸಿ ಚಕ್ರದ ಹಿಂದೆ, ಬಾಡಿಯ ಕೆಳ ಅರ್ಧಕ್ಕೆ ಬಳಿದು, ಮೇಲೆ ಪುಡಿ ಹಾಕಿ ಐಸೋಪ್ರೊಪೈಲ್ ಆಲ್ಕೋಹಾಲಿನ ಹನಿ ಬಿಟ್ಟರೆ ಅದು ಕಚ್ಚಿ ಕೂರುತ್ತದೆ. ಮಳೆಗಾಲದ ಜೀಪೋ ಬೇಸಿಗೆಯದೋ ಮೊದಲೇ ನಿಶ್ಚಯಿಸಿ. ಹಸಿ ಕೆಸರು ಕಪ್ಪು ತಿರುಗಿದ ಕೆಂಪು, ಕೊಂಚ ಹೊಳಪು. ಧೂಳು ಪೇಲವ, ಬಾನೆಟ್ಟಿನ ಮೇಲೂ ಇರುತ್ತದೆ. ಎರಡನ್ನೂ ಒಂದೇ ಗಾಡಿಯ ಮೇಲೆ ಹಾಕಿದರೆ ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಕಾಫಿ ಮೂಟೆಗೆ ಎಂ-ಸೀಲ್ ಉಂಡೆ ಮಾಡಿ, ಹಸಿ ಇರುವಾಗ ಬ್ಯಾಂಡೇಜಿನ ಗಾಜ್ ಬಟ್ಟೆ ಒತ್ತಿ, ಗೋಣಿಯ ನೇಯ್ಗೆ ಮೂಡುತ್ತದೆ. ನಂಬರ್ ಪ್ಲೇಟು 500×120 ಮಿಮೀ ಇರುವುದರಿಂದ ಇಲ್ಲಿ 14.3×3.4. ಕೆಎ-12ರ ಮುಂದೆ ಯಾರದ್ದೋ ನಿಜವಾದ ನಂಬರ್ ಹಾಕದಿರುವುದು ಲೇಸು.

ಅಂತರಿಕ್ಷದ ಕಡೆ ಹೋಗುವವರು ಇಸ್ರೋದ ರಾಕೆಟ್ಟು ಪಿಎಸ್‌ಎಲ್‌ವಿಯಿಂದ ಶುರು ಮಾಡಲಿ. ಕಿಟ್ಟೇ ಬೇಡ. ಅದರ ಮೈಯ ವ್ಯಾಸ 2.8 ಮೀಟರ್, 1/144ರಲ್ಲಿ 19.4 ಮಿಮೀ. ಮನೆಯ ವೈರಿಂಗಿನ 20 ಮಿಮೀ ಪಿವಿಸಿ ಪೈಪು ಬಹುಪಾಲು ಅದೇ. ಒಟ್ಟು ಎತ್ತರ 44.4 ಮೀಟರ್, ಅಂದರೆ 308 ಮಿಮೀ. ಚಂದ್ರಯಾನ-1 (2008), ಮಂಗಳಯಾನ (2013) ಹೊತ್ತದ್ದು ಎಕ್ಸ್‌ಎಲ್ ಮಾದರಿ. ಅದರ ಆರು ಪಕ್ಕದ ಬೂಸ್ಟರುಗಳು ತಲಾ 1 ಮೀಟರ್ ವ್ಯಾಸ, 12 ಮೀಟರ್ ಉದ್ದ; 7 ಮಿಮೀ ದಪ್ಪದ ಪೆನ್ನಿನ ಕೊಳವೆಯನ್ನು 83 ಮಿಮೀಗೆ ಕತ್ತರಿಸಿ. ತುದಿಯ ಹೀಟ್ ಶೀಲ್ಡ್ 3.2 ಮೀಟರ್, ಅಂದರೆ 22 ಮಿಮೀ, ಮೈಗಿಂತ ದಪ್ಪ. ಉದ್ದ ಬೋಲ್ಟಿಗೆ ಎಂ-ಸೀಲ್ ಮೆತ್ತಿ, ಗಟ್ಟಿಯಾದ ಮೇಲೆ ಡ್ರಿಲ್ ಮಷೀನಿಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸುತ್ತಾ 120, 400 ನಂಬರಿನ ಕಾಗದ ಹಿಡಿದರೆ ಕಡೆದ ಹಾಗೆ ಬರುತ್ತದೆ. ಬಣ್ಣದ ಗುರುತು ಉಡಾವಣೆಯಿಂದ ಉಡಾವಣೆಗೆ ಬೇರೆ, ಇಸ್ರೋ ಬಿಟ್ಟಿರುವ ಚಿತ್ರಗಳಲ್ಲಿ ಒಂದೇ ಉಡಾವಣೆಯದನ್ನು ಎದುರಿಗಿಟ್ಟುಕೊಳ್ಳಿ.

ಇಲ್ಲಿ ತೊಡಕು ಅಂಟಿನದು. ಪಿವಿಸಿಗೆ ಕಿಟ್ಟಿನ ಸಿಮೆಂಟು ಹಿಡಿಯುವುದಿಲ್ಲ, ಮೈಯನ್ನು 400ರಲ್ಲಿ ಒರಟು ಮಾಡಿ ಅರಾಲ್ಡೈಟ್ ಹಾಕಬೇಕು. ಮನೆಯ ಕಸದಲ್ಲಿ ಏನು ಬಳಕೆಗೆ ಬರುತ್ತದೆ ಎಂಬುದಕ್ಕೆ ತಳದ ತ್ರಿಕೋನದ ಅಂಕಿ ನೋಡಿ: 6 ಇದ್ದರೆ ಪಾಲಿಸ್ಟೈರಿನ್, ಸಿಮೆಂಟು ಕರಗಿಸುತ್ತದೆ. ಹಳೆಯ ಸಿಡಿ ಡಬ್ಬಿಯೂ ಅದೇ, ಕಿಟಕಿಗಾಗುತ್ತದೆ. 2 ಮತ್ತು 5 ಇದ್ದರೆ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್. ಬಾಟಲಿ ಮುಚ್ಚಳಗಳೆಲ್ಲ ಈ ಜಾತಿ, ಅವಕ್ಕೆ ಅಂಟೂ ನಿಲ್ಲದು ಬಣ್ಣವೂ ನಿಲ್ಲದು. ಕಲ್ಪನೆಯ ನೌಕೆ ಮಾಡುವವರಿಗೆ ಜೀಪಿನಲ್ಲಿ ಉಳಿದ ಕೊಡಲಿ ಕೊಕ್ಕೆ, ಎಂಜಿನ್ ತುಂಡುಗಳೇ ಬಂಡವಾಳ. 1970ರ ದಶಕದ ಹಾಲಿವುಡ್ ಮಾಡೆಲ್ ತಯಾರಕರೂ ಟ್ಯಾಂಕು ಕಿಟ್ಟುಗಳನ್ನು ಒಡೆದು ನೌಕೆಗಳ ಮೈ ತುಂಬಿದ್ದು ಹೀಗೆಯೇ. ಒಂದು ಬಾಗಿಲು ಮಾತ್ರ ಅಳತೆಗೆ ಸರಿಯಾಗಿ ಇಡಿ, 2 ಮೀಟರಿನದು 1/144ರಲ್ಲಿ 14 ಮಿಮೀ. ನೌಕೆ ಎಷ್ಟು ದೊಡ್ಡದು ಎಂದು ಕಣ್ಣು ಅಳೆಯುವುದು ಅದರಿಂದ.

ಡಿಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಅಕ್ಷರ, ಗುರುತುಗಳ) ಹಾಳೆಯ ಗೋಂದಿಗೆ ಬೂಷ್ಟು ಬಲು ಬೇಗ ಹಿಡಿಯುತ್ತದೆ. ಕಿಟ್ ಬಂದ ದಿನವೇ ಅದನ್ನು ಡಬ್ಬಿಯಿಂದ ತೆಗೆದು ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮೃದು ವಿನೈಲ್ ಟೈರುಗಳನ್ನು ಪ್ಲಾಸ್ಟಿಕ್ ತುಂಡಿಗೆ ತಾಗಿಸಿ ವರ್ಷಗಟ್ಟಲೆ ಬಿಡಬೇಡಿ, ಅದರಿಂದ ಒಸರುವ ಎಣ್ಣೆ ರಿಮ್ಮನ್ನೇ ಕರಗಿಸುತ್ತದೆ. ಮುಗಿದ ಮಾಡೆಲ್ಲನ್ನು ಗಾಜಿನ ಬೀರುವಿನಲ್ಲಿಟ್ಟರೆ ಒಳಗೆ ನುಸಿ ಗುಳಿಗೆ ಹಾಕುವುದು ಬೇಡ. ನ್ಯಾಫ್ತಲೀನ್ ಆವಿಗೂ ಪಾಲಿಸ್ಟೈರಿನ್‌ಗೂ ಆಗಿಬರುವುದಿಲ್ಲ. ಬಟ್ಟೆಯ ಬೀರು ಪಕ್ಕದಲ್ಲೇ ಇದ್ದರೆ ಜೀಪನ್ನು ಬೇರೆ ಕೋಣೆಗೆ ಸಾಗಿಸಿ.