ಔರಂಗಜೇಬನ ದಂಡಯಾತ್ರೆಗೆ ಮಳೆ ಲೆಕ್ಕ ಹಾಕುವ ಬಗೆ

ದಖನ್ನಿನ ಯುದ್ಧಗಳ ಇತಿಹಾಸದಲ್ಲಿ ಕೋಟೆಗಳ ಹೆಸರು ಸಿಗುತ್ತದೆ, ಸರದಾರರ ಹೆಸರು ಸಿಗುತ್ತದೆ. ಆ ದಿನ ನೆಲ ಒಣಗಿತ್ತೋ ಕೆಸರಾಗಿತ್ತೋ ಎಂಬುದು ಮಾತ್ರ ಅಪರೂಪ. ಅದನ್ನು ನಾವೇ ಲೆಕ್ಕ ಹಾಕಿ ತೆಗೆಯಬೇಕು. 1702ರಲ್ಲಿ ಔರಂಗಜೇಬ ಮರಾಠರ ಖೇಳ್ನಾ ಕೋಟೆಗೆ, ಅಂದರೆ ಇಂದಿನ ವಿಶಾಲಗಡಕ್ಕೆ, ಹಾಕಿದ ಮುತ್ತಿಗೆಯನ್ನೇ ಹಿಡಿದು ಮಾಡಿ ನೋಡೋಣ.

ಮೊದಲ ಕೆಲಸ ತಾರೀಕು ಸರಿಪಡಿಸುವುದು. ಬಹಳಷ್ಟು ಜನ ಎಡವುವುದೇ ಇಲ್ಲಿ. ಮೊಗಲರ ದಾಖಲೆಗಳಲ್ಲಿ ಇರುವುದು ಹಿಜರಿ ತಿಂಗಳು. ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಒಂದು ತಿಂಗಳು ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಹಾಗಾಗಿ ತಿಂಗಳ ಹೆಸರು ನೋಡಿ ಬೇಸಿಗೆ, ಮಳೆಗಾಲ ಊಹಿಸುವಂತಿಲ್ಲ. ಇಂಗ್ಲಿಷ್ ತಾರೀಕಿನಲ್ಲೂ ಒಂದು ಪೇಚಿದೆ. ಕೆಲವು ಪುಸ್ತಕಗಳು ಹಳೆಯ ಜೂಲಿಯನ್ ಲೆಕ್ಕ ಹಿಡಿಯುತ್ತವೆ, ಕೆಲವು ಈಗಿನ ಗ್ರೆಗೋರಿಯನ್ ಲೆಕ್ಕ. ಪತ್ತೆಹಚ್ಚುವುದು ಸುಲಭ: ಔರಂಗಜೇಬ ತೀರಿಕೊಂಡ ದಿನವನ್ನು ಆ ಪುಸ್ತಕದಲ್ಲಿ ಹುಡುಕಿ. 1707ರ ಮಾರ್ಚ್ 3 ಎಂದಿದ್ದರೆ ಏನೂ ಮಾಡಬೇಕಿಲ್ಲ. ಫೆಬ್ರವರಿ 20 ಎಂದಿದ್ದರೆ ಅದು ಜೂಲಿಯನ್. 1700ರ ಮಾರ್ಚ್‌ನಿಂದ ಈಚಿನ ತಾರೀಕುಗಳಿಗೆ 11 ದಿನ, ಅದಕ್ಕಿಂತ ಹಿಂದಿನ ನೂರು ವರ್ಷದವಕ್ಕೆ 10 ದಿನ ಸೇರಿಸಿ.

ಇನ್ನು ಮಳೆ ನಕ್ಷತ್ರ ಕೂಡಿಸಿ, ಅಂದರೆ ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಸುಮಾರು ಎರಡು ವಾರದ ಅವಧಿ. ಈಗಿನ ಪಂಚಾಂಗದಲ್ಲಿ ಆರಿದ್ರಾ ಮಳೆ ಜೂನ್ 22ರ ಹೊತ್ತಿಗೆ ಹುಟ್ಟುತ್ತದೆ. ಈ ದಿನ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಸರಿಯುತ್ತಾ ಬಂದಿದೆ. 1700ರ ಸುಮಾರಿಗಾದರೆ ನಾಲ್ಕೈದು ದಿನ ಕಳೆಯಿರಿ. ಖೇಳ್ನಾ ಕೈಸೇರಿದ ಮೇಲೆ ಮೊಗಲ್ ದಂಡು ಹಿಂದಿರುಗಲು ಹೊರಟದ್ದು ಜೂಲಿಯನ್ ಜೂನ್ 10ಕ್ಕೆ, ಅಂದರೆ ಜೂನ್ 21. ಸಹ್ಯಾದ್ರಿಯ ನೆತ್ತಿಯಲ್ಲಿ ಆರಿದ್ರಾ ಮಳೆ! 'ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ' ಎಂದು ರೈತ ಕಾಯುವ ಮಳೆಯೇ ದಂಡಿಗೆ ಗಂಡಾಂತರವಾಯಿತು. ಪನ್ಹಾಳದ ಹತ್ತಿರ ಬರಲು, ಬರೀ 30 ಮೈಲಿಗೆ, 38 ದಿನ ಹಿಡಿಯಿತು. ದಿನಕ್ಕೆ ಒಂದೂಕಾಲು ಕಿಲೋಮೀಟರು. ಒಟ್ಟು ದಾರಿ ಬೆಂಗಳೂರಿನಿಂದ ರಾಮನಗರದಷ್ಟು ದೂರ ಎಂದುಕೊಳ್ಳಿ.

ಇಷ್ಟು ನಿಧಾನ ಯಾಕೆ ಎಂಬುದಕ್ಕೆ ಪ್ರಾಣಿಗಳನ್ನು ನೋಡಬೇಕು. ಒಂಟೆಯ ಅಗಲ ಪಾದ ಮರಳಿಗೆ ಹೇಳಿಮಾಡಿಸಿದ್ದು, ಜಿಗುಟು ಕೆಸರಿನಲ್ಲಿ ಜಾರುತ್ತದೆ. ಹೊರೆ ಹೊತ್ತ ಆನೆ ಹೂತುಹೋಗುತ್ತದೆ. ತೋಪಿನ ಗಾಲಿ ಅಚ್ಚಿನವರೆಗೆ ಇಳಿದರೆ ಎಳೆಯುವ ಎತ್ತು ಮೊದಲು ಸೋಲುತ್ತದೆ. ದಂಡಿಗೆ ಧಾನ್ಯ ತರುತ್ತಿದ್ದವರು ಎತ್ತುಗಳ ಮೇಲೆ ಹೇರಿಕೊಂಡು ಬರುವ ಬಂಜಾರರು. ಹಳ್ಳ ತುಂಬಿದರೆ ಅವರು ಆಚೆ ದಡದಲ್ಲೇ ನಿಲ್ಲುತ್ತಾರೆ, ಈಚೆ ಪಾಳೆಯದಲ್ಲಿ ಹಸಿವು.

ನದಿಯ ನೀರು ಎಲ್ಲಿಯದು ಎಂಬುದನ್ನೂ ಕೇಳಿಕೊಳ್ಳಿ. ಕೃಷ್ಣಾ, ತುಂಗಭದ್ರಾ, ಕಾವೇರಿ ಘಟ್ಟದ ಮಳೆಗೆ ಏರುತ್ತವೆ, ದಡದಲ್ಲಿ ಹನಿ ಬೀಳದಿದ್ದರೂ. ಭೀಮೆಯ ಉಪನದಿ ಮಾಣ್ ಹಾಗಲ್ಲ. ಅದು ಬಯಲುಸೀಮೆಯ ನದಿ. ಸೊಲ್ಲಾಪುರ, ವಿಜಯಪುರದ ಕಡೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲೂ ಬರುತ್ತದೆ. 1700ರಲ್ಲಿ ಖವಾಸ್‌ಪುರದ ಬಳಿ ಮಾಣ್ ನದಿಯ ಒಣಗಿದ ಪಾತ್ರದಲ್ಲೂ ದಡದಲ್ಲೂ ಮೊಗಲರು ಡೇರೆ ಹಾಕಿದ್ದರು. ಜೂಲಿಯನ್ ಅಕ್ಟೋಬರ್ 1ರ ರಾತ್ರಿ ಪ್ರವಾಹ ನುಗ್ಗಿತು. 11 ದಿನ ಸೇರಿಸಿದರೆ ಚಿತ್ತೆ ಮಳೆ. ಗಲಿಬಿಲಿಯಲ್ಲಿ ಬಾದಶಹನೇ ಎಡವಿ ಮೊಣಕಾಲು ಕೀಲು ತಪ್ಪಿತು. ಆಮೇಲೆ ಕೊನೆಯವರೆಗೂ ಕುಂಟಿದ.

ಎಲ್ಲವನ್ನೂ ಮಳೆಯ ತಲೆಗೆ ಕಟ್ಟಬೇಡಿ. ಇದೇ ಲೆಕ್ಕವನ್ನು 1791ರಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನಿಗೆ ಹಾಕಿ (1752ರ ನಂತರದ ಬ್ರಿಟಿಷ್ ತಾರೀಕಿಗೆ ತಿದ್ದುಪಡಿ ಬೇಡ). ಮೇ 15ಕ್ಕೆ ಅರಕೆರೆಯ ಬಳಿ ಕಾಳಗ ಗೆದ್ದವನು ಅದೇ ತಿಂಗಳು ಕನ್ನಂಬಾಡಿಯಲ್ಲಿ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದು ಬೆಂಗಳೂರಿಗೆ ಮರಳಿದ. ಮಳೆ ಹೌದು, ಆದರೆ ಮೇವಿಲ್ಲದೆ, ರೋಗ ತಗುಲಿ ಎತ್ತುಗಳು ಸತ್ತದ್ದೇ ದೊಡ್ಡ ಪೆಟ್ಟು. 1799ರಲ್ಲಿ ಕಂಪನಿಯ ದಂಡು ಏಪ್ರಿಲ್‌ನಲ್ಲೇ ಶ್ರೀರಂಗಪಟ್ಟಣದ ಮುಂದಿತ್ತು. ಮೇ 4ರ ಮಧ್ಯಾಹ್ನ ಸಿಪಾಯಿಗಳು ಕೋಟೆಗೆ ನುಗ್ಗಿದ್ದು ಕಾವೇರಿಯನ್ನು ನಡೆದು ದಾಟಿ.